ಗೆದ್ದ ಕುದುರೆ ಬದುಕಬೇಡವೇ?

ಕುದುರೆ ಓಟ ನಮ್ಮ ಇತಿಹಾಸಕ್ಕೆ ಹೊಸತಲ್ಲ. ಪ್ರವಾದಿ ಮುಹಮ್ಮದ್(ಸ)ರು ಮದೀನಾದಲ್ಲಿ ಸ್ವತಃ ಕುದುರೆ ಓಟ ಏರ್ಪಡಿಸಿದ್ದರು. ಇಬ್ನು ಉಮರ್(ರ)ರಿಂದ ವರದಿಯಾದ ಈ ಹದೀಸ್ ಬುಖಾರಿ ಮತ್ತು ಮುಸ್ಲಿಮ್‌ನಲ್ಲಿದೆ. ಆ ಓಟದಲ್ಲಿ ಇಬ್ನು ಉಮರ್(ರ)ರೂ ಭಾಗವಹಿಸಿದ್ದರು.

ಈ ಹದೀಸ್‌ನಲ್ಲಿ ನಾವು ಸುಲಭವಾಗಿ ದಾಟಿಹೋಗುವ ವಿವರವೊಂದಿದೆ. ಅಂದು ಎಲ್ಲ ಕುದುರೆಗಳನ್ನೂ ಒಂದೇ ದೂರ ಓಡಿಸಲಿಲ್ಲ. ಓಟಕ್ಕೆಂದೇ ಮೇವು ನಿಯಂತ್ರಿಸಿ, ಬೆವರಿಳಿಸಿ ಪಳಗಿಸಿದ ಕುದುರೆಗಳು ಹಫ್ಯಾದಿಂದ ಸನಿಯ್ಯತುಲ್ ವದಾದವರೆಗೆ ಐದಾರು ಮೈಲಿ ಓಡಿದವು. ಹಾಗೆ ಪಳಗಿಸದ ಕುದುರೆಗಳಿಗೆ ಅಲ್ಲಿಂದ ಬನೂ ಝುರೈಕ್ ಮಸೀದಿಯವರೆಗೆ ಒಂದು ಮೈಲಿ ಮಾತ್ರ. ಅಂದರೆ ದೂರವನ್ನು ನಿರ್ಧರಿಸಿದ್ದು ಸವಾರನ ಆಸೆಯಲ್ಲ, ಕುದುರೆಯ ಶಕ್ತಿ.

ಇನ್ನೊಂದು ಹದೀಸ್‌ನಲ್ಲಿ ಓಟದ ವೇಳೆ 'ಜಲಬ್' ಕೂಡದೆಂದು ಹೇಳಲಾಗಿದೆ. ಹಿಂದಿನಿಂದ ಕೂಗಿ, ಬೆದರಿಸಿ ಕುದುರೆಯನ್ನು ಓಡಿಸುವುದೇ ಜಲಬ್ ಎಂದು ವಿದ್ವಾಂಸರು ವಿವರಿಸಿದ್ದಾರೆ. ಮುಂದೆ ಖಲೀಫಾ ಉಮರ್ ಬಿನ್ ಅಬ್ದುಲ್ ಅಝೀಝ್‌ರು ಸವಾರಿ ಪ್ರಾಣಿಗಳಿಗೆ ಭಾರವಾದ ಕಡಿವಾಣ ಹಾಕಬಾರದು, ತುದಿಗೆ ಕಬ್ಬಿಣವಿರುವ ಕೋಲಿನಿಂದ ತಿವಿಯಬಾರದು ಎಂದು ಅಧಿಕಾರಿಗಳಿಗೆ ಬರೆದರು. ಮೂಕಪ್ರಾಣಿಯ ನೋವು ಆಡಳಿತದ ವಿಷಯವೂ ಆಗಿತ್ತು.

ಇನ್ನು ಯುರೋಪಿನತ್ತ ನೋಡೋಣ. 1892ರ ಅಕ್ಟೋಬರ್‌ನಲ್ಲಿ ಜರ್ಮನಿ ಮತ್ತು ಆಸ್ಟ್ರಿಯಾ-ಹಂಗೇರಿಯ ಸೇನಾಧಿಕಾರಿಗಳು ಬರ್ಲಿನ್ ಮತ್ತು ವಿಯೆನ್ನಾ ನಡುವೆ ಪಂದ್ಯ ಹೂಡಿದರು. ದೂರ ಸುಮಾರು 580 ಕಿ.ಮೀ. ಆಸ್ಟ್ರಿಯಾದ ಕೌಂಟ್ ಸ್ಟಾರ್‌ಹೆಂಬರ್ಗ್ 71 ಗಂಟೆಗಳಿಗೆ ತುಸು ಹೆಚ್ಚು ಸಮಯದಲ್ಲಿ ಗುರಿ ಮುಟ್ಟಿ 20,000 ಮಾರ್ಕ್ ಬಹುಮಾನ ಪಡೆದ. ಅವನನ್ನು ಹೊತ್ತು ತಂದ ಕುದುರೆ ಅಥೋಸ್ ಸ್ವಲ್ಪ ದಿನಗಳಲ್ಲೇ ಸತ್ತಿತು. ಇನ್ನೂ ಹಲವು ಕುದುರೆಗಳು ಪ್ರಾಣ ಬಿಟ್ಟವು. ಸವಾರರಿಗೆ ಗೌರವ ಸಿಕ್ಕಿತು, ಕುದುರೆಗಳಿಗೆ ಮಣ್ಣು.

ಇಂದಿನ ಎಂಡ್ಯೂರೆನ್ಸ್ ಸವಾರಿ ಈ ತಪ್ಪನ್ನು ತಿದ್ದುವ ನಿಯಮಗಳೊಂದಿಗೆ ಬೆಳೆಯಿತು. 1955ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ವೆಂಡೆಲ್ ರೋಬಿ ಮತ್ತು ಸಂಗಡಿಗರು ಒಂದೇ ದಿನದಲ್ಲಿ 100 ಮೈಲಿ ಕ್ರಮಿಸಿದರು. ಅದೇ ಟೆವಿಸ್ ಕಪ್ ಆಯಿತು. 1964ರಿಂದ ಅಲ್ಲಿ ಮತ್ತೊಂದು ಬಹುಮಾನವೂ ಇದೆ. ಮೊದಲು ಗುರಿ ಮುಟ್ಟಿದ ಹತ್ತು ಕುದುರೆಗಳಲ್ಲಿ ಅತ್ಯಂತ ಆರೋಗ್ಯದಿಂದಿರುವ ಕುದುರೆಗೆ ಅದು ಸಲ್ಲುತ್ತದೆ. ಅಂತಾರಾಷ್ಟ್ರೀಯ ಪಂದ್ಯಗಳಲ್ಲಿ 160 ಕಿ.ಮೀ. ದಾರಿಯನ್ನು ಹಲವು ಹಂತಗಳಾಗಿ ವಿಂಗಡಿಸುತ್ತಾರೆ. ಪ್ರತಿ ಹಂತದ ಬಳಿಕ ಪಶುವೈದ್ಯರು ಪರೀಕ್ಷಿಸುತ್ತಾರೆ. ಎದೆಬಡಿತ ನಿಗದಿತ ಮಿತಿಗೆ ಇಳಿಯದಿದ್ದರೆ, ಕಾಲು ಕುಂಟುತ್ತಿದ್ದರೆ ಆ ಕುದುರೆ ಮುಂದೆ ಹೋಗುವಂತಿಲ್ಲ.

ಆದರೆ ಪ್ರತಿಷ್ಠೆ ಮತ್ತು ಹಣ ಬಂದಲ್ಲಿ ನಿಯಮ ಬಡವಾಗುತ್ತದೆ. ಕೊಲ್ಲಿ ದೇಶಗಳ ಸಮತಟ್ಟಾದ ಮರಳುಗಾಡಿನಲ್ಲಿ ಈ ಸ್ಪರ್ಧೆ ವೇಗದ ಪಂದ್ಯವಾಗಿ ಮಾರ್ಪಟ್ಟಿತು. ಕುದುರೆಗಳ ಹಿಂದೆ ವಾಹನಗಳ ಸಾಲು, ಹಾರ್ನ್, ಕೂಗಾಟ. ಅಂದು ಪ್ರವಾದಿ(ಸ)ರು ತಡೆದ ಜಲಬ್ ಇದಲ್ಲವೇ? ಕಾಲು ಮುರಿದು ಬಿದ್ದ ಕುದುರೆಗಳ ಚಿತ್ರಗಳು ಲೋಕವನ್ನು ನಾಚಿಸಿದವು. 2015ರ ಮಾರ್ಚ್‌ನಲ್ಲಿ ಅಂತಾರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟವು ಯುಎಇಯ ಒಕ್ಕೂಟವನ್ನು ಅಮಾನತು ಮಾಡಿತು. ಹೊಸ ಕರಾರಿನ ಬಳಿಕ ಜುಲೈಯಲ್ಲಿ ಅಮಾನತು ತೆರವಾಯಿತು. ಆದರೂ 2016ರ ವಿಶ್ವ ಚಾಂಪಿಯನ್‌ಶಿಪ್ ದುಬೈ ಕೈತಪ್ಪಿ ಸ್ಲೊವಾಕಿಯಾಕ್ಕೆ ಹೋಯಿತು.

ಇದು ಅರಬರ ದೋಷ ಮಾತ್ರವೆಂದು ಯಾರೂ ಕೈತೊಳೆದುಕೊಳ್ಳುವಂತಿಲ್ಲ. 2018ರಲ್ಲಿ ಅಮೆರಿಕದ ಟ್ರಯಾನ್‌ನಲ್ಲಿ ನಡೆದ ವಿಶ್ವ ಕ್ರೀಡಾಕೂಟದಲ್ಲಿ ಸೆಕೆ, ತೇವ ಹೆಚ್ಚಿ ಓಟವನ್ನು ಮಧ್ಯದಲ್ಲೇ ರದ್ದುಪಡಿಸಬೇಕಾಯಿತು. 95 ಕುದುರೆಗಳಲ್ಲಿ 53ಕ್ಕೆ ಚಿಕಿತ್ಸೆ ಬೇಕಾಯಿತು.

ಪರಿಹಾರವೂ ಮರಳುಗಾಡಿನಿಂದಲೇ ಬಂತು. ಅಬುಧಾಬಿಯ ಬೂತೀಬ್‌ನಲ್ಲಿ ದಿವಂಗತ ಶೈಖ್ ಸುಲ್ತಾನ್ ಬಿನ್ ಝಾಯಿದ್‌ರು ಗಂಟೆಗೆ 20 ಕಿ.ಮೀ. ವೇಗಮಿತಿ ಹಾಕಿದರು. ಕುದುರೆಯ ಆರೋಗ್ಯಕ್ಕೂ ಬಹುಮಾನದಲ್ಲಿ ಪಾಲು ಕೊಟ್ಟರು. ಗೆಲುವಿನ ಅಳತೆ ಬದಲಾದಾಗ ಸವಾರನ ನಡತೆಯೂ ಬದಲಾಗುತ್ತದೆ. ಯಾವುದಕ್ಕೆ ಬಹುಮಾನ ಕೊಡುತ್ತೇವೆಯೋ ಅದನ್ನೇ ಜನ ಬೆನ್ನಟ್ಟುತ್ತಾರೆ.

ನಮ್ಮಲ್ಲಿ ಓಟದ ಕುದುರೆ ಸಾಕುವವರು ವಿರಳ. ಆದರೆ ನೊಗಕ್ಕೆ ಕಟ್ಟಿದ ಎತ್ತು, ಟಾಂಗಾದ ಕುದುರೆ, ಲಾರಿಯಲ್ಲಿ ಸಾಗಿಸುವ ಆಡುಕುರಿಗಳು ನಮ್ಮ ಕೈಯಲ್ಲೂ ಇವೆ. ಅವು ನಮಗೆ ಅಲ್ಲಾಹನು ವಹಿಸಿದ ಅಮಾನತ್. ಶಕ್ತಿ ಮೀರಿದ ಹೊರೆಯ ಬಗ್ಗೆ ಅವು ದೂರು ಹೇಳಲಾರವು. ಅವುಗಳ ಪರವಾಗಿ ನಮ್ಮನ್ನು ಪ್ರಶ್ನಿಸುವವನು ಇದ್ದಾನೆ ಎಂಬ ಅರಿವು ನಮ್ಮ ಕೈಯನ್ನು ತಡೆಯಲಿ.