ಮೂಗಿನಿಂದ ಮಷಿನ್‌ವರೆಗೆ: ಡ್ರಂಕ್ ಅಂಡ್ ಡ್ರೈವ್ ಕಾಯ್ದೆಯ ಕಥೆ

ಇವತ್ತಿನ ಎಪಿಸೋಡ್ ಒಂದು ಪ್ರಶ್ನೆಯಿಂದ ಶುರು ಮಾಡೋಣ. ಹುಲಿಹೈದರದ ಒಬ್ಬ ಹುಡುಗ ಬೈಕ್ ಮೇಲೆ ಗಂಗಾವತಿಗೆ ಹೋಗಿ ರಾತ್ರಿ ವಾಪಸ್ ಬರ್ತಾ ಇದ್ದಾನೆ ಅಂತ ಇಟ್ಕೊಳ್ರಿ. ದಾರಿಯಲ್ಲಿ ಪೊಲೀಸರು ಕೈ ಅಡ್ಡ ಮಾಡ್ತಾರೆ. ಅವನು ಕುಡಿದಾನೋ ಇಲ್ಲೋ ಅಂತ ಹೇಳೋರು ಯಾರು? ಪೊಲೀಸರ ಮೂಗಾ, ಡಾಕ್ಟರಾ, ಊದೋ ಮಷಿನ್ನಾ?

ಇದಕ್ಕೆ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಉತ್ತರ ಇತ್ತು. ಆ ಉತ್ತರ ಹೆಂಗೆ ಬದಲಾಯ್ತು ಅನ್ನೋದು ಗೊತ್ತಾದ್ರೆ, ರಸ್ತೆ ಮೇಲೆ ನಿಂತಾಗ ನಿಮ್ಮ ಹಕ್ಕು ಎಷ್ಟು, ನಿಮ್ಮ ತಪ್ಪು ಎಷ್ಟು ಅನ್ನೋದೂ ಗೊತ್ತಾಗ್ತದೆ.

ಮೊದಲು ಲಂಡನ್‌ಗೆ ಒಂದು ಸುತ್ತು ಹೋಗಿ ಬರೋಣ. 1897ರ ಸೆಪ್ಟೆಂಬರ್ 10. ಜಾರ್ಜ್ ಸ್ಮಿತ್ ಅನ್ನೋ ಟ್ಯಾಕ್ಸಿ ಡ್ರೈವರ್ ಕುಡಿದು ಗಾಡಿಯನ್ನು ಕಟ್ಟಡಕ್ಕೆ ಗುದ್ದಿದ. ಕುಡಿದು ಮೋಟಾರು ಗಾಡಿ ಓಡಿಸಿದ್ದಕ್ಕೆ ಆದ ಮೊದಲ ಬಂಧನ ಅಂತ ಇದನ್ನೇ ಹೇಳ್ತಾರೆ. ದಂಡ 25 ಶಿಲ್ಲಿಂಗ್. ಆಗ ಅಳೆಯೋ ಯಂತ್ರ ಯಾವುದೂ ಇರಲಿಲ್ಲ. ನೋಡಿದವರ ಮಾತು, ಪೊಲೀಸರ ಮಾತು, ಅಷ್ಟೇ.

ಈಗ ನಮ್ಮ ಕಡೆ ಬರೋಣ. 1930ರ ದಶಕದಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಲ್ಲ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ನಿಜಾಮರ ರೈಲ್ವೆ ಇಲಾಖೆ 1932ರಲ್ಲಿ ಬಸ್ ಓಡಿಸೋಕೆ ಶುರು ಮಾಡಿದಾಗ ಇದ್ದದ್ದು ಬರೀ 27 ಬಸ್. ಹಳ್ಳಿಯವರಿಗೆ ಚಕ್ಕಡಿ ಇಲ್ಲಾ ಕಾಲ್ನಡಿಗೆ. ಸಿಂದಿ ಕುಡಿದವನು ಚಕ್ಕಡಿಯಲ್ಲಿ ಮಲಗಿದ್ರೂ ಎತ್ತುಗಳು ಮನೆ ಮುಟ್ಟಿಸ್ತಿದ್ದವು. ಬೈಕಿಗೆ ಆ ಬುದ್ಧಿ ಇಲ್ಲ ನೋಡ್ರಿ.

ಬ್ರಿಟಿಷ್ ಇಂಡಿಯಾದಲ್ಲಿ 1939ರಲ್ಲಿ ಮೋಟಾರು ವಾಹನ ಕಾಯ್ದೆ ಬಂತು. 1948ರಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿತು, 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು, ಆ ಕಾಯ್ದೆ ನಮಗೂ ಬಂತು. ಅದರ 117ನೇ ಸೆಕ್ಷನ್ ಏನು ಕೇಳ್ತಿತ್ತು ಅಂದ್ರ: ವಾಹನವನ್ನು ಹತೋಟಿಯಲ್ಲಿ ಇಟ್ಟುಕೊಳ್ಳಲಾರದಷ್ಟು ನಶೆ ಇತ್ತೋ ಇಲ್ಲೋ? ಅಂದ್ರೆ ಕುಡಿದದ್ದು ಎಷ್ಟು ಅನ್ನೋದು ಮುಖ್ಯ ಅಲ್ಲ, ಅವನ ಹತೋಟಿ ತಪ್ಪಿತ್ತಾ ಅನ್ನೋದು ಮುಖ್ಯ.

ಇದರಲ್ಲಿ ಎರಡು ಕಡೆಯಿಂದಲೂ ಅನ್ಯಾಯಕ್ಕೆ ದಾರಿ ಇತ್ತು. ದುಡ್ಡಿದ್ದವನು ವಕೀಲರನ್ನಿಟ್ಟು "ನನಗೆ ನಶೆ ಏರೋದೇ ಇಲ್ಲ" ಅಂತ ವಾದ ಮಾಡಬಹುದಿತ್ತು. ಬಡವ ಬರೀ ಬಾಯಿ ವಾಸನೆಗೇ ಸಿಕ್ಕಿಬೀಳಬಹುದಿತ್ತು. 1971ರಲ್ಲಿ ವರದಿಯಾದ ಮಹಾರಾಷ್ಟ್ರದ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದೇ ವಿಷಯ ನೋಡಿತು. ಡಾಕ್ಟರು ಬರೆದಿದ್ದು: ಬಾಯಿ ವಾಸನೆ, ತೂರಾಡೋ ನಡಿಗೆ, ತೊದಲು ಮಾತು, ಹಿಗ್ಗಿದ ಕಣ್ಣಪಾಪೆ. ಆದ್ರೆ ರಕ್ತ, ಮೂತ್ರ ಪರೀಕ್ಷೆ ಆಗಿರಲಿಲ್ಲ. ಇಷ್ಟರಿಂದಲೇ ಕುಡಿದಿದ್ದ ಅಂತ ಸಾಬೀತಾಗಲ್ಲ ಅಂತ ಕೋರ್ಟ್ ಹೇಳಿತು. ಮೂಗಿನ ಸಾಕ್ಷಿ ಸಾಲದು ಅಂತ ಅರ್ಥ.

ಅಷ್ಟೊತ್ತಿಗೆ ಹೊರಗಿನ ದೇಶಗಳು ಅಂಕಿ ಹಿಡಿದಿದ್ದವು. ನಾರ್ವೆ 1936ರಲ್ಲೇ ರಕ್ತದಲ್ಲಿ ಇಷ್ಟಕ್ಕಿಂತ ಹೆಚ್ಚು ಆಲ್ಕೋಹಾಲ್ ಇದ್ರೆ ಅಪರಾಧ ಅಂತ ಮಾಡಿತ್ತು. ಅಮೆರಿಕದ ರಾಬರ್ಟ್ ಬೋರ್ಕೆನ್‌ಸ್ಟೈನ್ 1954ರಲ್ಲಿ ಬ್ರೆತಲೈಸರ್ ಮಾಡಿದರು. ಬ್ರಿಟನ್ 1967ರಲ್ಲಿ 100 ಮಿಲಿ ರಕ್ತಕ್ಕೆ 80 ಮಿಲಿಗ್ರಾಂ ಅಂತ ಮಿತಿ ಹಾಕಿತು.

ನಮ್ಮಲ್ಲಿ 1988ರ ಹೊಸ ಕಾಯ್ದೆ ಒಮ್ಮೆಲೇ ಇನ್ನೊಂದು ತುದಿಗೆ ಹಾರಿತು. ಅದರ 185ನೇ ಸೆಕ್ಷನ್ ಮೊದಲು ಹೇಳಿದ್ದು, ರಕ್ತದಲ್ಲಿ ಎಷ್ಟೇ ಸ್ವಲ್ಪ ಆಲ್ಕೋಹಾಲ್ ಇದ್ರೂ ಅಪರಾಧ ಅಂತ. 1994ರ ತಿದ್ದುಪಡಿ ಅದನ್ನು ಒಂದು ಅಂಕಿಗೆ ತಂದು ನಿಲ್ಲಿಸಿತು: 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು, ಅದೂ ಬ್ರೆತ್ ಅನಲೈಸರ್‌ನಲ್ಲಿ ಕಂಡುಬಂದ್ರೆ. ಇವತ್ತಿಗೂ ಅದೇ ಅಂಕಿ. 2019ರ ತಿದ್ದುಪಡಿ ಇದಕ್ಕೆ ಲ್ಯಾಬ್ ಪರೀಕ್ಷೆಯನ್ನೂ ಸೇರಿಸಿತು.

ನಾನು ಬಿ.ಕಾಂ ಹುಡುಗ, ಲೆಕ್ಕ ಮಾಡದೇ ಬಿಡಂಗಿಲ್ಲ. 30 ಅಂದ್ರೆ ಎಷ್ಟು? ಸ್ವೀಡನ್‌ನ ಎರಿಕ್ ವಿಡ್ಮಾರ್ಕ್ ಕೊಟ್ಟ ಸೂತ್ರದ ಪ್ರಕಾರ, 65 ಕೆಜಿ ತೂಕದ ಗಂಡಸು 650 ಮಿಲಿಯ ಒಂದು ಸ್ಟ್ರಾಂಗ್ ಬಿಯರ್, ಶೇ. 8ರದ್ದು, ಬೇಗ ಕುಡಿದ್ರೆ ರಕ್ತದಲ್ಲಿ ಅಂದಾಜು 90 ಮಿಲಿಗ್ರಾಂ ಆಗ್ತದೆ. ಮಿತಿಯ ಮೂರು ಪಟ್ಟು! ದೇಹ ಅದನ್ನು ಇಳಿಸೋದು ತಾಸಿಗೆ ಸುಮಾರು 15. ರಾತ್ರಿ 11ಕ್ಕೆ ಎರಡು ಬಾಟಲಿ ಮುಗಿಸಿ ಮಲಗಿದವನು ಬೆಳಿಗ್ಗೆ 7ಕ್ಕೆ ಬೈಕ್ ಹತ್ತಿದ್ರೆ ಇನ್ನೂ 60ರ ಹತ್ತಿರ ಇರ್ತಾನೆ. ಇದು ಅಂದಾಜು, ಮನುಷ್ಯರಿಂದ ಮನುಷ್ಯರಿಗೆ ಬದಲಾಗ್ತದೆ. ಆದ್ರೆ "ಒಂದೇ ಬಿಯರ್ ಅಲ್ವಾ" ಮತ್ತು "ನಿನ್ನೆ ರಾತ್ರಿ ಅಲ್ವಾ" ಅನ್ನೋ ಎರಡೂ ಮಾತು ಈ ಲೆಕ್ಕದ ಮುಂದೆ ನಿಲ್ಲಲ್ಲ.

ಈಗ ಶಿಕ್ಷೆ. 1988ರ ಕಾಯ್ದೆಯಲ್ಲಿ ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು, ಇಲ್ಲಾ 2,000 ರೂಪಾಯಿವರೆಗೆ ದಂಡ, ಇಲ್ಲಾ ಎರಡೂ. 2019ರ ಸೆಪ್ಟೆಂಬರ್ 1ರಿಂದ ದಂಡ 10,000 ಆಯ್ತು. ಮತ್ತೆ ಸಿಕ್ಕಿಬಿದ್ರೆ ಎರಡು ವರ್ಷದವರೆಗೆ ಜೈಲು, 15,000 ದಂಡ. ಆ ತಿಂಗಳೇ ಕರ್ನಾಟಕ ಸರ್ಕಾರ ಹೆಲ್ಮೆಟ್‌ನಂಥ ಸುಮಾರು ದಂಡ ಇಳಿಸಿತು. ಇದನ್ನು ಇಳಿಸಲಿಲ್ಲ. ಯಾಕಂದ್ರೆ ಸ್ಥಳದಲ್ಲೇ ದಂಡ ಕಟ್ಟಿ ಮುಗಿಸಬಹುದಾದ ಅಪರಾಧಗಳ ಪಟ್ಟಿ 200ನೇ ಸೆಕ್ಷನ್‌ನಲ್ಲಿದೆ, ಅದರಲ್ಲಿ 185 ಇಲ್ಲ.

ಈ ಒಂದು ಮಾತು ನೆನಪಿಡ್ರಿ. ಕುಡಿದು ಓಡಿಸಿದ್ದಕ್ಕೆ ಸ್ಪಾಟ್ ಫೈನ್ ಅನ್ನೋದು ಇಲ್ಲವೇ ಇಲ್ಲ. ಕೇಸು ಕೋರ್ಟಿಗೇ ಹೋಗಬೇಕು. ರಸ್ತೆ ಮೇಲೆ "ಇಷ್ಟು ಕೊಟ್ಟು ಹೋಗು" ಅಂತ ಯಾರಾದ್ರೂ ಅಂದ್ರೆ ಅದು ದಂಡ ಅಲ್ಲ, ಲಂಚ. ಕೊಡೋದೂ ಅಪರಾಧ.

ಕೋರ್ಟಿನಲ್ಲಿ ಬಹಳ ಮಂದಿ "ತಪ್ಪಾಯ್ತು ಸರ್" ಅಂತ ಒಪ್ಪಿ ದಂಡ ಕಟ್ಟಿ ಬರ್ತಾರೆ. ಹಂಗೆ ಒಪ್ಪಿಕೊಳ್ಳೋದು ಅಂದ್ರೆ ಅಪರಾಧಿ ಅಂತ ತೀರ್ಪಾದಂಗೆ. 20ನೇ ಸೆಕ್ಷನ್ ಪ್ರಕಾರ ಆಗ ಕೋರ್ಟ್ ಕನಿಷ್ಠ ಆರು ತಿಂಗಳು ಲೈಸೆನ್ಸ್ ಅನರ್ಹಗೊಳಿಸಬೇಕು. ಗೂಡ್ಸ್ ಗಾಡಿ, ಟ್ರ್ಯಾಕ್ಟರ್, ಕ್ಯಾಬ್ ಓಡಿಸಿ ಹೊಟ್ಟೆ ಹೊರೆಯೋರಿಗೆ 10,000ಕ್ಕಿಂತ ದೊಡ್ಡ ಪೆಟ್ಟು ಇದು.

ಹಂಗಾದ್ರೆ ರಕ್ಷಣೆ ಏನೂ ಇಲ್ವಾ? ಇದೆ. ಅಂಕಿ ಬಂದ ಮೇಲೆ ಪೊಲೀಸರೂ ಆ ಅಂಕಿಗೆ ಲೆಕ್ಕ ಕೊಡಬೇಕಾಯ್ತು.

ಒಂದು, ಊದಿಸೋರು ಸಮವಸ್ತ್ರದಲ್ಲಿರೋ ಪೊಲೀಸ್ ಅಧಿಕಾರಿ ಇಲ್ಲಾ ಸಾರಿಗೆ ಇಲಾಖೆಯ ಅಧಿಕಾರಿ ಆಗಿರಬೇಕು. ಮಷಿನ್ ತೋರಿಸಿದ ಅಂಕಿ ನೋಡ್ರಿ, ಚೀಟಿ ಕೇಳ್ರಿ. ಈಗ ತಾನೇ ಮೌತ್‌ವಾಶ್ ಬಳಸಿದ್ರೆ, ಔಷಧಿ ಕುಡಿದಿದ್ರೆ ಹೇಳ್ರಿ. ಬಾಯಲ್ಲಿ ಉಳಿದ ಆಲ್ಕೋಹಾಲ್ ಸ್ವಲ್ಪ ಹೊತ್ತು ಅಂಕಿ ಏರಿಸ್ತದೆ, ಅದಕ್ಕೆ ಸುಮಾರು 15 ನಿಮಿಷ ಬಿಟ್ಟು ಮತ್ತೆ ಊದಿಸ್ರಿ ಅಂತ ಕೇಳಬಹುದು.

ಎರಡು, 185ರ ಅಡಿ ಬಂಧಿಸಿದ್ರೆ ಎರಡು ತಾಸಿನೊಳಗೆ ಡಾಕ್ಟರಿಂದ ಪರೀಕ್ಷೆ ಆಗಬೇಕು. ಆಗದಿದ್ರೆ ಬಿಡಬೇಕು. ಇದು 202ನೇ ಸೆಕ್ಷನ್. ನಮ್ಮಂಥ ಕಡೆ, ರಾತ್ರಿ ಹೊತ್ತು ಡಾಕ್ಟರು ಸಿಗೋ ಆಸ್ಪತ್ರೆ ದೂರ ಇರೋ ಊರಿನಲ್ಲಿ, ಈ ಎರಡು ತಾಸು ಸಣ್ಣ ಮಾತಲ್ಲ. ರಕ್ತ ತೆಗೆಯೋದು ನೋಂದಾಯಿತ ಡಾಕ್ಟರ್ ಮಾತ್ರ. ಹೆಣ್ಣುಮಕ್ಕಳಿಂದ ಗಂಡು ಡಾಕ್ಟರ್ ರಕ್ತ ತೆಗೆಯೋದಾದ್ರೆ ಅಲ್ಲಿ ಇನ್ನೊಬ್ಬ ಹೆಣ್ಣುಮಗಳು ಇರಲೇಬೇಕು.

ಮೂರು, ಊದಲ್ಲ ಅಂತ ಹಟ ಹಿಡಿಯೋದು ಜಾಣತನ ಅಲ್ಲ. ಕುಡಿದಿರೋ ಅನುಮಾನಕ್ಕೆ ಕಾರಣ ಇದ್ದು ನೀವು ಊದದಿದ್ರೆ ವಾರಂಟ್ ಇಲ್ಲದೇ ಬಂಧಿಸಬಹುದು, ಆ ನಿರಾಕರಣೆಯನ್ನೇ ನಿಮ್ಮ ವಿರುದ್ಧ ಕೋರ್ಟ್ ಬಳಸಬಹುದು.

ನಾಲ್ಕು, ಕೇಸು ಹಾಕಿದವರು ನೀವು ಗಾಡಿ ಓಡಿಸ್ತಿದ್ರಿ ಇಲ್ಲಾ ಓಡಿಸೋಕೆ ನೋಡಿದ್ರಿ ಅಂತ ತೋರಿಸಬೇಕು. ಹಿಂದೆ ಕೂತವನ ಮೇಲೆ 185 ಬರಲ್ಲ.

ಐದು, ವಕೀಲರಿಗೆ ಕೊಡೋಕೆ ದುಡ್ಡಿಲ್ಲ ಅಂತ ಸುಮ್ಮನೆ ಒಪ್ಪಿಕೊಳ್ಳಬೇಡ್ರಿ. ಕಸ್ಟಡಿಯಲ್ಲಿರೋರು, ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕಡಿಮೆ ಆದಾಯದವರು ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತ ನೆರವು ಕೇಳಬಹುದು. ಸಹಾಯವಾಣಿ 15100.

ಆದ್ರೆ ಈ ರಕ್ಷಣೆ ಎಲ್ಲ 185ರ ಮಟ್ಟಿಗೆ. ಅಪಘಾತ ಆಗಿ ಯಾರಾದ್ರೂ ಸತ್ರೆ ಕಥೆಯೇ ಬೇರೆ. 2006ರ ನವೆಂಬರ್ 12ರ ಬೆಳಗಿನ ಜಾವ ಮುಂಬೈನ ಕಾರ್ಟರ್ ರೋಡ್‌ನಲ್ಲಿ ಫುಟ್‌ಪಾತ್ ಮೇಲೆ ಮಲಗಿದ್ದ ಕೂಲಿಕಾರರ ಮೇಲೆ ಕಾರು ಹತ್ತಿ ಏಳು ಜನ ಸತ್ತರು. ಕೆಳಗಿನ ಕೋರ್ಟ್ ಇದನ್ನು ನಿರ್ಲಕ್ಷ್ಯ ಅಂದು ಆರು ತಿಂಗಳು ಕೊಟ್ಟಿತು. ಬಾಂಬೆ ಹೈಕೋರ್ಟ್ ಇದು ಕೊಲೆಯಲ್ಲದ ನರಹತ್ಯೆ ಅಂದು ಮೂರು ವರ್ಷ ಮಾಡಿತು. 2012ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಕುಡಿದು ಓಡಿಸಿದ್ರೆ ಜನ ಸಾಯಬಹುದು ಅನ್ನೋದು ಓಡಿಸೋನಿಗೆ ಗೊತ್ತಿರ್ತದೆ ಅನ್ನೋದು ಇಲ್ಲಿಯ ತರ್ಕ. ಇವತ್ತಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ ನಿರ್ಲಕ್ಷ್ಯದ ಸಾವಿಗೆ ಐದು ವರ್ಷದವರೆಗೆ, ಗೊತ್ತಿದ್ದೂ ಮಾಡಿದ ನರಹತ್ಯೆಗೆ ಹತ್ತು ವರ್ಷದವರೆಗೆ ಜೈಲು.

ಇನ್ಶೂರೆನ್ಸ್‌ನಲ್ಲಂತೂ ಚಕ್ರ ಒಂದು ಸುತ್ತು ತಿರುಗಿ ಮತ್ತೆ ಹಳೇ ಜಾಗಕ್ಕೆ ಬಂದಿದೆ. 2007ರಲ್ಲಿ ದೆಹಲಿಯಲ್ಲಿ ಒಂದು ಪೋರ್ಷೆ ಕಾರು ನಜ್ಜುಗುಜ್ಜಾಯ್ತು. ಊದೋ ಪರೀಕ್ಷೆ, ರಕ್ತ ಪರೀಕ್ಷೆ ಎರಡೂ ಇರಲಿಲ್ಲ. ಆದ್ರೂ 2021ರಲ್ಲಿ ಸುಪ್ರೀಂ ಕೋರ್ಟ್, ಪಾಲಿಸಿಯ ಷರತ್ತಿಗೆ 30ರ ಅಂಕಿ ಬೇಕಿಲ್ಲ, ಅಪಘಾತ ಆದ ರೀತಿ ಮತ್ತು ಬೇರೆ ಸಾಕ್ಷಿ ನೋಡಿ ಡ್ರೈವರ್ ನಶೆಯಲ್ಲಿದ್ದ ಅಂತ ತೀರ್ಮಾನಿಸಬಹುದು ಅಂತ ಹೇಳಿ ವಿಮಾ ಕಂಪನಿ ಪರ ನಿಂತಿತು. ಕ್ರಿಮಿನಲ್ ಕೇಸಿನಲ್ಲಿ ಬಚಾವಾದವನು ಕ್ಲೇಮ್ ಕಳ್ಕೊಬಹುದು.

ಕೊನೆಗೆ ನಮ್ಮ ಸೀಮೆಯ ಒಂದು ಮಾತು. ಸರ್ಕಾರ 2007ರ ಜುಲೈ 1ಕ್ಕೆ ಸಾರಾಯಿ ನಿಲ್ಲಿಸಿತು. 2016ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯದಂಗಡಿ ಬೇಡ ಅಂದಿತು, ಆಮೇಲೆ ಸಣ್ಣ ಊರುಗಳಿಗೆ ಅದನ್ನು 220 ಮೀಟರ್‌ಗೆ ಇಳಿಸಿತು. ಎರಡರ ಹಿಂದೆಯೂ ಒಳ್ಳೆ ಕಾರಣ ಇತ್ತು. ಆದ್ರೆ ನನಗನ್ನಿಸೋದು, ಕುಡಿಯೋ ಜಾಗ ದೂರ ಆದಷ್ಟೂ ಕುಡಿಯೋನಿಗೆ ಗಾಡಿ ಬೇಕಾಯ್ತು. ರಾತ್ರಿ ತಾವರಗೇರಾದಿಂದ, ಕನಕಗಿರಿಯಿಂದ ಹಳ್ಳಿಗೆ ಬರೋಕೆ ಬಸ್ ಇಲ್ಲದಿದ್ರೆ ಅವನು ಬೈಕನ್ನೇ ಹತ್ತೋದು. ಕಾಯ್ದೆ ರಕ್ತವನ್ನು ಅಳೀತದೆ, ಕೊನೇ ಬಸ್ ಎಷ್ಟೊತ್ತಿಗೆ ಅಂತ ಕೇಳಲ್ಲ. ಅದನ್ನು ಕೇಳಬೇಕಾದವರು ನಾವು, ಗ್ರಾಮಸಭೆಯಲ್ಲಿ, ಡಿಪೋದಲ್ಲಿ.

ಅಲ್ಲಿವರೆಗೆ, ಕುಡಿದ ದಿನ ಕೀಲಿ ಗೆಳೆಯನ ಕೈಗೆ ಕೊಡ್ರಿ. ಗೆಳೆಯನೂ ಕುಡಿದಿದ್ರೆ ಅಲ್ಲೇ ಮಲಗ್ರಿ, ಬೆಳಿಗ್ಗೆನೂ ಸ್ವಲ್ಪ ತಡ ಮಾಡಿ ಎದ್ದು ಬರ್ರಿ. ಈ ಎಪಿಸೋಡ್ ಅಂಥ ಗೆಳೆಯ ಯಾರಾದ್ರೂ ಇದ್ರೆ ಅವನಿಗೊಂದು ಕಳಿಸ್ರಿ. ಮುಂದಿನ ವಾರ ಸಿಗೋಣ.