ರಂಗದ ನೆಲದಡಿಯ ವಿದ್ಯೆ

ನಾಟಕವೆಂದರೆ ಅದರ ಪಠ್ಯ ಎಂಬ ನಂಬಿಕೆಯಿಂದಲೇ ನಾನು ಬಹುಕಾಲ ಪಾಠ ಹೇಳಿದೆ. ಪುಸ್ತಕ ಉಳಿದರೆ ನಾಟಕವೂ ಉಳಿಯಿತೆಂಬುದು ನಮ್ಮ ಸಾಹಿತ್ಯಾಭ್ಯಾಸದ ಸಮಾಧಾನ. ಆ ಸಮಾಧಾನವನ್ನು ಕದಡಿದ ರಂಗಮಂದಿರವೊಂದರ ವೃತ್ತಾಂತವನ್ನು ಇಂದು ತಮ್ಮ ಮುಂದಿಡಬಯಸುತ್ತೇನೆ.

ಇಂಗ್ಲೆಂಡ್ ಮತ್ತು ಐರ್ಲೆಂಡುಗಳ ನಡುವಣ ಸಮುದ್ರದಲ್ಲಿ ಐಲ್ ಆಫ್ ಮ್ಯಾನ್ ಎಂಬ ದ್ವೀಪವಿದೆ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಲ್ಯಾಂಕಾಷೈರಿನ ಹತ್ತಿಗಿರಣಿಯ ಕೆಲಸಗಾರರು ಬೇಸಿಗೆಯ ರಜೆಗೆ ಹಡಗು ಹತ್ತಿ ಅಲ್ಲಿಗೆ ಬರುತ್ತಿದ್ದರು. ಅವರ ವಿನೋದಕ್ಕೆಂದು ಡಗ್ಲಸ್ ನಗರದ ಕಡಲದಂಡೆಯಲ್ಲಿ 1893ರಲ್ಲಿ ಪೆವಿಲಿಯನ್ ಒಂದು ಎದ್ದಿತು. ವಾಸ್ತುಶಿಲ್ಪಿ ಫ್ರಾಂಕ್ ಮ್ಯಾಚಮ್ ಅದನ್ನು ನಾಟಕಶಾಲೆಯಾಗಿ ಮಾರ್ಪಡಿಸಿದನು. 1900ರ ಜುಲೈಯಲ್ಲಿ ಅದು ಗೇಯಟಿ ಥಿಯೇಟರ್ ಎಂಬ ಹೆಸರಿನಿಂದ ಬಾಗಿಲು ತೆರೆಯಿತು.

ಆ ವೇದಿಕೆಯ ನೆಲದಡಿಯಲ್ಲಿ 'ಕಾರ್ಸಿಕನ್ ಟ್ರ್ಯಾಪ್' ಎಂಬ ಯಂತ್ರವಿದೆ. ಡ್ಯೂಮಾನ ಕಥೆಯನ್ನಾಧರಿಸಿ ಬೂಸಿಕೊ ಬರೆದ 'ದಿ ಕಾರ್ಸಿಕನ್ ಬ್ರದರ್ಸ್' ನಾಟಕವನ್ನು 1852ರಲ್ಲಿ ಚಾರ್ಲ್ಸ್ ಕೀನ್ ಲಂಡನ್ನಿನಲ್ಲಿ ಆಡಿದಾಗ ಹುಟ್ಟಿದ ಉಪಾಯವಿದು. ಅವಳಿ ಸೋದರರಲ್ಲಿ ಒಬ್ಬನು ದ್ವಂದ್ವಯುದ್ಧದಲ್ಲಿ ಮಡಿಯುತ್ತಾನೆ. ಅವನ ಪ್ರೇತ ಮತ್ತೊಬ್ಬನಿಗೆ ಕಾಣಿಸಿಕೊಳ್ಳುತ್ತದೆ. ಪ್ರೇತವು ಹೆಜ್ಜೆಯಿಡಬಾರದು, ತೇಲಿ ಬರಬೇಕು. ಅದಕ್ಕಾಗಿ ನೆಲದಡಿಯಲ್ಲಿ ಓರೆಯಾದ ಹಳಿ, ಹಳಿಯ ಮೇಲೆ ಚಕ್ರದ ಬಂಡಿ, ಬಂಡಿಯ ಮೇಲೆ ನಟ. ಬಂಡಿ ಸರಿದಂತೆ ನಟನು ಮೇಲೇರುತ್ತ ರಂಗದ ಅಡ್ಡಕ್ಕೆ ಸಾಗುತ್ತಾನೆ. ಮರದ ಪಟ್ಟಿಗಳನ್ನು ಜೋಡಿಸಿದ ಮಡಚಬಲ್ಲ ಹೊದಿಕೆಯೊಂದು ಅವನ ಜೊತೆಯಲ್ಲೇ ಸರಿದು ನೆಲದ ಸೀಳನ್ನು ಮುಚ್ಚುತ್ತದೆ. ನಾಟಕದ ಪ್ರತಿಯನ್ನು ಎಷ್ಟು ಸಲ ಓದಿದರೂ ಈ ಚಲನೆ ಕಣ್ಣಿಗೆ ಕಟ್ಟುವುದಿಲ್ಲ.

ಕಾಲ ಬದಲಾಯಿತು. ಸಿನಿಮಾ ಬಂದಿತು, ರಜೆಯ ಜನ ಬೇರೆ ಕಡಲತೀರಗಳನ್ನು ಹುಡುಕಿಕೊಂಡರು. 1971ರಲ್ಲಿ ದ್ವೀಪದ ಸರ್ಕಾರ ಈ ಮಂದಿರವನ್ನು ಕೊಂಡಿತು. 2000ದ ಶತಮಾನೋತ್ಸವದ ವೇಳೆಗೆ ಅದನ್ನು 1900ರ ರೂಪಕ್ಕೆ ಮರಳಿ ತಂದರು. ಕಾರ್ಸಿಕನ್ ಟ್ರ್ಯಾಪನ್ನೂ ಮತ್ತೆ ಓಡುವಂತೆ ಮಾಡಿದರು. ಜಗತ್ತಿನಲ್ಲಿ ಈ ಬಗೆಯ ಯಂತ್ರ ಉಳಿದಿರುವುದು ಇದೊಂದೇ ಎಂದು ಹೇಳುತ್ತಾರೆ. ಹಾಗೆಂದು ಅದು ವಸ್ತುಸಂಗ್ರಹಾಲಯವಾಗಲಿಲ್ಲ. ಮೇಲೆ ಹೊಸ ಕಾಲದ ದೀಪಗಳು ಬೆಳಗುತ್ತವೆ, ನಾಟಕಗಳು ನಡೆಯುತ್ತವೆ. ಕೆಳಗೆ ಹಳೆಯ ಬಂಡಿ ತನ್ನ ಹಳಿಯ ಮೇಲಿದೆ. ಹೊಸದನ್ನು ತರಲು ಹಳೆಯದನ್ನು ಕಿತ್ತೊಗೆಯಲೇಬೇಕೆಂಬ ನಿಯಮವೇನೂ ಇಲ್ಲ.

ಇದು ನಮಗೆ ದೂರದ ಮಾತಲ್ಲ. ವಿಕ್ಟೋರಿಯಾ ಕಾಲದ ರಂಗಚಮತ್ಕಾರಗಳನ್ನು ಪಾರ್ಸಿ ಕಂಪನಿಗಳು ಅಳವಡಿಸಿಕೊಂಡವು. ಅವುಗಳಿಂದ ನಮ್ಮ ಕಂಪನಿ ನಾಟಕಗಳೂ ಕಲಿತವು. ಬಾಲ್ಯದಲ್ಲಿ ನಾನು ಕಂಡ ಒಂದು ನಾಟಕದಲ್ಲಿ ದೇವರು ನಿಂತಲ್ಲೇ ಮಾಯವಾಗಿದ್ದನು. ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ ಅಲ್ಲಿ ಒಂದು ಹಲಗೆ, ಒಂದು ಗುಂಡಿ, ಒಂದು ಹಗ್ಗ. ದೊಡ್ಡವನಾಗಿ ಕಂಪನಿ ನಾಟಕಗಳ ಪುಸ್ತಕಗಳನ್ನು ಹುಡುಕಿ ಓದಿದೆ, ಪಾಠ ಮಾಡಿದೆ. ಆದರೆ ಆ ಹಗ್ಗ ಹಿಡಿದಿದ್ದವನು ಯಾರೆಂದು ಒಮ್ಮೆಯೂ ಕೇಳಲಿಲ್ಲ. ಪರದೆ ಬರೆದವರು, ಹಲಗೆ ಹೂಡಿದವರು, ಹಗ್ಗ ಎಳೆದವರು ನಮ್ಮ ಊರುಗಳಲ್ಲಿ ಇನ್ನೂ ಕೆಲವರಿದ್ದಾರು. ಅವರ ವಿದ್ಯೆ ಯಾವ ಪುಸ್ತಕದಲ್ಲಿಯೂ ಇಲ್ಲ. ಅವರಿರುವಾಗಲೇ ಹೋಗಿ ಕೇಳಬೇಕು.