ಯಾದವಗಿರಿಯ ಗಾಡಿ, ಲಿಂಗಸುಗೂರಿನ ದಾರಿ

ಹೊಸ ಸ್ಪೋರ್ಟ್ಸ್ ಟೂರಿಂಗ್ ಬೈಕು ಕೊಳ್ಳಬೇಕೋ ಬೇಡವೋ ಎಂಬ ಪ್ರಶ್ನೆ ಈಗ ಬೆಂಗಳೂರಿನವರದಷ್ಟೇ ಅಲ್ಲ, ರಾಯಚೂರು ಜಿಲ್ಲೆಯ ಲಿಂಗಸುಗೂರು, ಮಸ್ಕಿ, ಸಿಂಧನೂರಿನ ಹುಡುಗರದೂ ಹೌದು. ಸಿಸಿ ಎಷ್ಟು, ಎಷ್ಟು ವೇಗಕ್ಕೆ ಹೋಗುತ್ತದೆ ಎಂದು ಅವರು ಮೊದಲು ಕೇಳುತ್ತಾರೆ. ಆದರೆ ಕರ್ನಾಟಕದಲ್ಲಿ ಮೋಟಾರ್‌ಸೈಕಲ್ಲು ನಡೆದುಬಂದ ದಾರಿಯನ್ನು ನೋಡಿದರೆ, ವರ್ಷಗಟ್ಟಲೆ ಬಾಳಿ ಬಹುದೂರ ಓಡಿದ್ದು ಊರಿನ ಮಿಸ್ತ್ರಿಯ ಕೈಗೆ ಒಗ್ಗಿದ ಗಾಡಿಯೇ. ಹಾಗಾಗಿ ಕೊಳ್ಳುವವರು ಮೊದಲು ವಿಚಾರಿಸಬೇಕಾದದ್ದು ರಿಪೇರಿಯನ್ನು ಎಂಬುದು ನನ್ನ ವಾದ.

ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಯಿತು. ಇರಾನಿ ಮನೆತನದ ಉದ್ಯಮ, ಚೆಕೊಸ್ಲೊವಾಕಿಯಾದ ತಂತ್ರಜ್ಞಾನ. ಲೈಸೆನ್ಸ್ ರಾಜ್ ಕಾಲದಲ್ಲಿ ಕೊಳ್ಳುವವರಿಗೆ ಹೆಚ್ಚು ಆಯ್ಕೆ ಇರಲಿಲ್ಲ: ಮದರಾಸಿನ ಬುಲೆಟ್, ಫರೀದಾಬಾದಿನ ರಾಜದೂತ್, ಮೈಸೂರಿನ ಜಾವಾ ಮತ್ತು ಅದರ ಮುಂದಿನ ರೂಪವಾದ ಯೆಜ್ಡಿ. ದೂರದ ಪಯಣಕ್ಕೆಂದೇ ಬೇರೆ ಗಾಡಿ ಯಾರೂ ಮಾಡುತ್ತಿರಲಿಲ್ಲ. ಹೊಲಕ್ಕೆ ಹೋದದ್ದೇ ಊರೂರು ಸುತ್ತುತ್ತಿತ್ತು. ಜಾವಾದ 250 ಸಿಸಿ ಎಂಜಿನ್ನು ಟೂ-ಸ್ಟ್ರೋಕ್. ಪೆಟ್ರೋಲಿಗೆ ಎಣ್ಣೆ ಬೆರೆಸಿದರಾಯಿತು. ಒಳಗೆ ವಾಲ್ವಿಲ್ಲ, ಕ್ಯಾಮ್‌ಶಾಫ್ಟಿಲ್ಲ. ಕಿಕ್ಕರನ್ನೇ ಮುಂದಕ್ಕೆ ತಿರುಗಿಸಿದರೆ ಅದೇ ಗೇರಿನ ಲಿವರು. ಪಾಯಿಂಟು ಉಜ್ಜುವುದು, ಪ್ಲಗ್ಗು ಒರೆಸುವುದು, ಕಾರ್ಬುರೇಟರು ಬಿಚ್ಚಿ ತೊಳೆಯುವುದು ಇವಕ್ಕೆಲ್ಲ ಕೈಚೀಲದಲ್ಲಿ ಹಿಡಿಸುವಷ್ಟು ಸಲಕರಣೆ ಸಾಕು. ಇದಕ್ಕೆ ತೀರಾ ಎದುರಿನ ನಿದರ್ಶನ, ಎಸ್ಕಾರ್ಟ್ಸ್ ಕಂಪನಿ 1983ರಲ್ಲಿ ತಂದ ರಾಜದೂತ್ 350. ಎರಡು ಸಿಲಿಂಡರು, ಆ ಕಾಲದ ನಮ್ಮ ರಸ್ತೆಗಳಲ್ಲಿ ಸಾಟಿಯಿಲ್ಲದ ವೇಗ. ಇಂದಿಗೂ ಅದನ್ನು ಕೊಂಡಾಡುವವರಿದ್ದಾರೆ, ಅದು ಸರಿಯೂ ಹೌದು. ಆದರೆ ಅದರ ಬೆಲೆ ಹೆಚ್ಚು, ಪೆಟ್ರೋಲಿನ ದಾಹ ಇನ್ನೂ ಹೆಚ್ಚು, ಬಿಡಿಭಾಗಗಳು ದುಬಾರಿ. ಹತ್ತು ವರ್ಷ ತುಂಬುವ ಮೊದಲೇ ಅದರ ತಯಾರಿಕೆ ನಿಂತಿತು.

ರಿಪೇರಿಯೇ ಮುಖ್ಯವಾಗಿದ್ದರೆ ಯೆಜ್ಡಿ ಕಾರ್ಖಾನೆ 1996ರಲ್ಲಿ ಏಕೆ ಮುಚ್ಚಿತು ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. 1985ರಲ್ಲಿ ಬಂದ ಹೀರೋ ಹೋಂಡಾ ಸಿಡಿ 100 ಫೋರ್-ಸ್ಟ್ರೋಕ್ ಎಂಜಿನ್ನಿನಿಂದ ಮೈಲೇಜಿನ ಲೆಕ್ಕವನ್ನೇ ಬದಲಿಸಿತು. ಹೊಗೆಯ ನಿಯಮಗಳೂ ಬಿಗಿಯಾದವು. ಕಾರ್ಖಾನೆ ಸೋತದ್ದು ಅಲ್ಲಿ. ಗಾಡಿಗಳು ಮಾತ್ರ ಸೋಲಲಿಲ್ಲ. ಬಾಗಿಲು ಮುಚ್ಚಿ ದಶಕಗಳಾದರೂ ಜುಲೈ ತಿಂಗಳ ಜಾವಾ-ಯೆಜ್ಡಿ ದಿನಕ್ಕೆ ಬೆಂಗಳೂರು, ಮೈಸೂರಿನಲ್ಲಿ ಸಾಲುಸಾಲಾಗಿ ಓಡಿಕೊಂಡೇ ಬರುತ್ತವೆ. ಕಂಪನಿಯೇ ಇಲ್ಲದಾಗ ಅವನ್ನು ಬದುಕಿಸಿದವರು ಮಿಸ್ತ್ರಿಗಳು, ಹಳೆ ಬಿಡಿಭಾಗ ಕಾಪಿಟ್ಟವರು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ರಸ್ತೆಯದು. ಲಿಂಗಸುಗೂರು, ಸಿಂಧನೂರಿನ ಸೀಮೆಗೆ ರೈಲಿನ ಭಾಗ್ಯ ತೀರಾ ತಡ. ಸಿಂಧನೂರಿಗೇ ರೈಲು ಬಂದದ್ದು 2024ರಲ್ಲಿ. ಇಲ್ಲಿ ದೂರದ ಊರಿಗೆ ದಾರಿಯೆಂದರೆ ರಸ್ತೆಯೇ. ರಾಷ್ಟ್ರೀಯ ಹೆದ್ದಾರಿ 150ಎ ಲಿಂಗಸುಗೂರಿನಿಂದ ಮಸ್ಕಿ, ಸಿಂಧನೂರು, ಸಿರುಗುಪ್ಪ, ಬಳ್ಳಾರಿ, ಹಿರಿಯೂರು ಹಾದು ಮೈಸೂರನ್ನೇ ಮುಟ್ಟುತ್ತದೆ. ಹಾಗಿದ್ದಮೇಲೆ ಬೆನ್ನು ನೋಯದೆ ದೂರ ಸಾಗಿಸುವ ಬೈಕು ಶೋಕಿಯಾಗುವುದಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಸ್ಪೋರ್ಟ್ಸ್ ಟೂರಿಂಗ್ ಜಾತಿಯ ಬೈಕು ಹುಟ್ಟಿದ ನೆಲ ಬೇರೆ. 1976ರಲ್ಲಿ ಬಿಎಂಡಬ್ಲ್ಯು ತನ್ನ ಆರ್ 100 ಆರ್‌ಎಸ್‌ಗೆ ಗಾಳಿಸುರಂಗದಲ್ಲಿ ಪರೀಕ್ಷಿಸಿದ ಪೂರ್ಣ ಫೇರಿಂಗ್ (ಗಾಳಿ ತಡೆಯುವ ಹೊದಿಕೆ) ತೊಡಿಸಿದ್ದು ಜರ್ಮನಿಯ ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಒಂದೇ ವೇಗದಲ್ಲಿ ಹೋಗುವವರಿಗಾಗಿ. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆಯಲ್ಲಿ ಸುಗ್ಗಿ ಬಂದರೆ ಟ್ರ್ಯಾಕ್ಟರು, ಲಾರಿ, ಕುರಿಮಂದೆಗಳ ನಡುವೆ ಆ ವೇಗ ಸಿಗುವುದು ತುಣುಕು ತುಣುಕಾಗಿ. ರಾಯಚೂರು ಜಿಲ್ಲೆಯ 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ದೊಡ್ಡ ಎಂಜಿನ್ನಿನ ಬಿಸಿ ತೊಡೆಗೆ ಬಡಿಯುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇಂದಿನ ಫ್ಯೂಯೆಲ್ ಇಂಜೆಕ್ಷನ್ ಗಾಡಿಗಳು ಹಾಗೆಲ್ಲ ದಾರಿಯಲ್ಲಿ ನಿಲ್ಲುವುದಿಲ್ಲ, ಮಿಸ್ತ್ರಿಯ ಮಾತು ಹಳತಾಯಿತು ಎನ್ನುವವರೂ ಇದ್ದಾರೆ. ಕೆಡುವುದು ಕಡಿಮೆಯಾಗಿದೆ, ನಿಜ. ಕೆಟ್ಟಾಗ ಮಾತ್ರ ದೋಷ ಓದುವ ಯಂತ್ರ ಬೇಕು. ನಿಂತಲ್ಲೇ ಒಮ್ಮೆ ಮಗುಚಿದರೂ ಫೇರಿಂಗು ಒಡೆಯಬಹುದು, ಹೊಸದು ದೊಡ್ಡ ಊರಿನಿಂದಲೇ ಬರಬೇಕು. ಜೊತೆಗೆ 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ ಶೇ. 18ಕ್ಕಿಳಿದು, ಅದನ್ನು ಮೀರಿದ್ದಕ್ಕೆ ಶೇ. 40ಕ್ಕೇರಿದೆ. ಆದ್ದರಿಂದ ಲಿಂಗಸುಗೂರಿನವರು ಕೊಳ್ಳಲಿ, ಖಂಡಿತ ಕೊಳ್ಳಲಿ. ಆದರೆ ಜಿಕ್ಸರ್ ಎಸ್‌ಎಫ್ 250, ಕರಿಜ್ಮಾ ಎಕ್ಸ್‌ಎಂಆರ್ 210ರಂಥ, ಫೇರಿಂಗ್ ತೊಟ್ಟ ಒಂದೇ ಸಿಲಿಂಡರಿನ ಗಾಡಿಗಳನ್ನು ಮೊದಲು ನೋಡಲಿ. ಅದಕ್ಕೂ ದೊಡ್ಡದೇ ಬೇಕೆನ್ನುವವರು ಮುಂಗಡ ಕಟ್ಟುವ ಮೊದಲು ರಾಯಚೂರು, ಬಳ್ಳಾರಿ, ಹುಬ್ಬಳ್ಳಿಗಳಲ್ಲಿ ಆ ಕಂಪನಿಯ ಸರ್ವಿಸ್ ಎಲ್ಲಿದೆ, ಕ್ಲಚ್ ಪ್ಲೇಟು, ಬ್ರೇಕ್ ಪ್ಯಾಡು, ಚೈನ್ ಸೆಟ್ಟು ಎಷ್ಟು ದಿನಕ್ಕೆ ಕೈಸೇರುತ್ತವೆ ಎಂದು ಕೇಳಿ ಬರೆದಿಟ್ಟುಕೊಳ್ಳಲಿ.